ಸುಣ್ಣದ ಬಂಗಲೆಯ ಪರದೇಶಿಗಳು

1838ರ ಏಪ್ರಿಲ್‌ನಲ್ಲಿ ಗವರ್ನರ್ ಜನರಲ್ ಲಾರ್ಡ್ ಆಕ್ಲೆಂಡ್ ತನ್ನ ಇಬ್ಬರು ತಂಗಿಯರ ಜತೆ ಶಿಮ್ಲಾ ತಲುಪಿದ. ಕಲ್ಕತ್ತ ಬಿಟ್ಟು ಸುಮಾರು ಆರು ತಿಂಗಳಾಗಿತ್ತು. ಅಷ್ಟು ದಿನ ಡೇರೆಯಲ್ಲಿ ಮಲಗಿ ಬೇಸತ್ತಿದ್ದ ತಂಗಿ ಎಮಿಲಿ ಈಡನ್‌ಗೆ ಕೊನೆಗೂ ನಾಲ್ಕು ಗೋಡೆಯ ಮನೆ ಸಿಕ್ಕಿತು. ಗಂಟುಮೂಟೆ ಬಿಚ್ಚಿ ನೆಲಕ್ಕೆ ಜಮಖಾನೆ ಹಾಸಿ, ಕಿಟಕಿಗೆ ಪರದೆ ಕಟ್ಟಿದ್ದಾಯಿತು. ಆಮೇಲೆ ಆಕೆ ಕತ್ತರಿ ಹಿಡಿದು ಕೂತಳು. ಕಾಗದದಲ್ಲಿ ಬಳ್ಳಿ, ಹೂವಿನ ನಮೂನೆಗಳನ್ನು ತಾನೇ ಕತ್ತರಿಸಿದಳು. ಊರಿನ ಚಿತ್ರಗಾರನೊಬ್ಬನನ್ನು ಕರೆಸಿ, ಅವನ್ನೇ ಬಾಗಿಲು ಕಿಟಕಿಗಳ ಸುತ್ತ ಅಂಚಿನಂತೆ ಬರೆಸಿದಳು. ಈ ದೇಶದ ಮನೆಗಳ ಮುಗಿಯದ ಬಿಳಿ ಗೋಡೆಗಳನ್ನು ನೋಡಿ ನೋಡಿ ಆಕೆಗೆ ಸಾಕಾಗಿತ್ತು. 1866ರಲ್ಲಿ ‘ಅಪ್ ದಿ ಕಂಟ್ರಿ’ ಎಂಬ ಹೆಸರಿನಲ್ಲಿ ಅಚ್ಚಾದ ಆಕೆಯ ಕಾಗದಗಳಲ್ಲಿ ಈ ಸಂಗತಿ ಬರುತ್ತದೆ. ದೇಶವಾಳುವವನ ತಂಗಿಗೂ ಗೋಡೆಯ ಅಂಚಿಗಿಂತ ಹೆಚ್ಚಿನದು ದಕ್ಕಲಿಲ್ಲ ಎಂಬುದನ್ನು ಗಮನಿಸಬೇಕು.

ಹೆಚ್ಚಿನದು ದಕ್ಕದ್ದಕ್ಕೆ ಕಾರಣಗಳಿದ್ದವು. ಆಗಿನ ಇಂಗ್ಲೆಂಡಿನಲ್ಲಿ ಮರ್ಯಾದಸ್ಥರ ಮನೆ ಎಂದರೆ ಗೋಡೆಗೆ ಹೂವಿನ ಕಾಗದ ಅಂಟಿಸಿರಬೇಕು. ಆ ಕಾಗದ ಹಡಗಿನಲ್ಲಿ ಇಲ್ಲಿಗೂ ಬಂತು, ಆದರೆ ಉಳಿಯಲಿಲ್ಲ. ಅದಕ್ಕೆ ಬಳಿದ ಹಿಟ್ಟಿನ ಅಂಟು ಗೆದ್ದಲಿಗೆ ಹಬ್ಬದೂಟವಾಯಿತು. ಗೆದ್ದಲು ಬಿಟ್ಟದ್ದನ್ನು ಮುಂಗಾರಿನ ತೇವ ಸುಲಿದು ಹಾಕಿತು. ಗೋಡೆಗೆ ಮರದ ಹಲಗೆ ಹೊದಿಸಿದರೆ ಅದೂ ಗೆದ್ದಲಿನ ಪಾಲು. ಎಣ್ಣೆ ಬಣ್ಣ ಪೀಪಾಯಿಗಳಲ್ಲಿ ಬರುತ್ತಿತ್ತು, ಬೆಲೆ ವಿಪರೀತ. ಅಷ್ಟು ಕೊಟ್ಟು ಬಳಿದರೂ ಹಸಿ ಸುಣ್ಣದ ಗಾರೆಯ ಮೇಲೆ ಅದು ನಿಲ್ಲದೆ ಗುಳ್ಳೆಯೆದ್ದು ಕಳಚುತ್ತಿತ್ತು. ಮಂಚ, ಬೀರುಗಳ ಕಾಲನ್ನು ನೀರಿನ ಬಟ್ಟಲಲ್ಲಿ ಇಟ್ಟು ಇರುವೆಯಿಂದ ಕಾಪಾಡುವ ಸ್ಥಿತಿ ಇದ್ದ ಕಡೆ ಗೋಡೆಯ ಮೇಲೆ ಸಂಭ್ರಮ ಸಾಧ್ಯವಿರಲಿಲ್ಲ. ಉಳಿದದ್ದು ಸುಣ್ಣ.

ತಲೆಯ ಮೇಲೂ ಅದೇ ಸುಣ್ಣ. ಹುಲ್ಲು ಹೊದಿಸಿದ ಬಂಗಲೆಗಳಲ್ಲಿ ಮಾಡಿನ ಕೆಳಗೆ ಒರಟು ಬಟ್ಟೆಯನ್ನು ಗೋಡೆಯಿಂದ ಗೋಡೆಗೆ ಬಿಗಿದು, ಅದಕ್ಕೂ ಸುಣ್ಣ ಬಳಿಯುತ್ತಿದ್ದರು. ದೂರದಿಂದ ಗಾರೆಯ ಛಾವಣಿಯಂತೆಯೇ ಕಾಣುತ್ತಿತ್ತು. ರಾತ್ರಿಯಾದರೆ ಗುಟ್ಟು ರಟ್ಟು. ಬಟ್ಟೆಯ ಮೇಲೆ ಇಲಿಗಳು ಓಡುವುದು ಕೆಳಗಿನಿಂದ ಉಬ್ಬು ಉಬ್ಬಾಗಿ ಕಾಣುತ್ತಿತ್ತು, ಆ ಉಬ್ಬುಗಳನ್ನು ಅಟ್ಟಿಸಿಕೊಂಡು ಉದ್ದನೆಯದೊಂದು ಉಬ್ಬು ಹರಿದುಹೋದರೆ ಅದು ಹಾವು. ಆ ಕಾಲದ ನೆನಪಿನ ಬರಹಗಳಲ್ಲಿ ಈ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಬರೆದವರೆಲ್ಲ ಕಣ್ಣಾರೆ ಕಂಡಿದ್ದರೋ ಕ್ಲಬ್ಬಿನಲ್ಲಿ ಕೇಳಿ ಬರೆದರೋ ಹೇಳುವುದು ಕಷ್ಟ.

ಸುಣ್ಣದಲ್ಲೂ ಒಂದು ರಾಜಸುಣ್ಣವಿತ್ತು. 1780ರಲ್ಲಿ ಮದ್ರಾಸಿನಲ್ಲಿ ಇಳಿದ ಎಲಿಜಾ ಫೇ ಎಂಬಾಕೆ ಅಲ್ಲಿನ ಮನೆಗಳ ಗೋಡೆ ಕಂಬಗಳು ಅಮೃತಶಿಲೆಯಂತೆ ಹೊಳೆಯುವುದನ್ನು ಕಂಡು ಬೆರಗಾದಳು. ಅದು ಅಮೃತಶಿಲೆಯಲ್ಲ, ಕಡಲ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಇಂಗ್ಲಿಷರು ಅದನ್ನು ‘ಮದ್ರಾಸ್ ಚುನಾಮ್’ ಎಂದು ಕರೆದರು. ಮಾಡುವ ಕ್ರಮ ಮಾತ್ರ ಇಂಗ್ಲಿಷರದ್ದಲ್ಲ, ದಕ್ಷಿಣದ ಗಾರೆಯವರದ್ದು. ಮೊದಲ ಲೇಪ ಸುಣ್ಣ ಮತ್ತು ಮರಳಿನದು, ಕಲಸುವುದು ಬೆಲ್ಲದ ನೀರಿನಲ್ಲಿ. ಕೆಲವು ಕಡೆ ಅಳಲೆಕಾಯಿ ನೆನೆಸಿದ ನೀರೂ ಸೇರುತ್ತಿತ್ತು. ಅದು ಆರಿದ ಮೇಲೆ ಜರಡಿ ಹಿಡಿದ ನಯವಾದ ಎರಡನೆಯ ಲೇಪ. ಕೊನೆಯ ಲೇಪಕ್ಕೆ ಚಿಪ್ಪು ಸುಣ್ಣವನ್ನು ಬೆಣ್ಣೆಯಂತಾಗುವ ತನಕ ಅರೆದು, ಮೊಟ್ಟೆಯ ಬಿಳಿ, ಮೊಸರು, ತುಪ್ಪ ಬೆರೆಸುತ್ತಿದ್ದರು. ಅದನ್ನು ತೆಳುವಾಗಿ ಎಳೆದು, ತೇವ ಆರುವ ಮುನ್ನ ನುಣುಪು ಕಲ್ಲಿನಿಂದ ಉಜ್ಜಲು ಶುರು ಮಾಡಿದರೆ ನಿಲ್ಲಿಸುವಂತಿಲ್ಲ. ನಡುನಡುವೆ ಬಳಪದ ಕಲ್ಲಿನ ಪುಡಿ ಚಿಮುಕಿಸಿ, ಮೇಲೆ ಬೆವರಿನಂತೆ ಬಂದ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಮುಖ ಕಾಣುವಷ್ಟು ಹೊಳಪು ಬರುವವರೆಗೆ ಕೈ ಆಡುತ್ತಲೇ ಇರಬೇಕು. ಮದ್ರಾಸಿನ ಸಾಹೇಬರು ತಮ್ಮ ಊರಿನ ಗ್ರೀಕ್ ಮಾದರಿಯ ಕಂಬಗಳನ್ನು ಇಟ್ಟಿಗೆಯಲ್ಲಿ ಕಟ್ಟಿಸಿ, ಮೇಲೆ ಈ ಲೇಪ ಕೊಡಿಸಿ, ಕಲ್ಲೆಂದು ತೋರಿಸಿಕೊಂಡರು.

ಇಷ್ಟು ಖರ್ಚು ಎಲ್ಲರಿಗೂ ಎಲ್ಲಿ ಬರಬೇಕು? ಸಾಮಾನ್ಯ ಬಂಗಲೆಗೆ ವರ್ಷಕ್ಕೊಮ್ಮೆ ನೀರು ಸುಣ್ಣ. ನಮ್ಮ ಕಡೆ ಯುಗಾದಿಗೋ ದಸರೆಗೋ ಮನೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಕಾರಣೆ ಎಳೆಯುವ ವಾಡಿಕೆ ಮೊದಲಿನಿಂದ ಇತ್ತು. ಇಂಗ್ಲಿಷರು ಅದೇ ಕೆಲಸವನ್ನು ಮಳೆಗಾಲ ಮುಗಿದ ಮೇಲಕ್ಕೆ ಇಟ್ಟುಕೊಂಡರು, ಚಳಿಗಾಲದ ಔತಣ, ನೃತ್ಯಕೂಟಗಳು ಶುರುವಾಗುವ ಮೊದಲು. ಸಾಮಾನೆಲ್ಲ ಜಗಲಿಗೆ. ಪೀಪಾಯಿಯಲ್ಲಿ ಸುಟ್ಟ ಸುಣ್ಣದ ಗಟ್ಟಿಗೆ ನೀರು ಬಿದ್ದೊಡನೆ ಬುಸುಗುಟ್ಟಿ, ಹಬೆಯೆದ್ದು, ಅರಳಿ ಪುಡಿಯಾಗುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ, ಮೈಗೆ ಅಂಟದಿರಲು ಗೋಂದು ಅಥವಾ ಗಂಜಿ ಸೇರಿಸಿ, ಬಿಳಿ ಇನ್ನಷ್ಟು ಬಿಳಿಯಾಗಿ ಕಾಣಲೆಂದು ಚೂರು ನೀಲಿ ಹಾಕುತ್ತಾರೆ. ಕುಂಚ ಜಜ್ಜಿದ ನಾರಿನದು. ಒಂದು ಸಲ ಅಡ್ಡಕ್ಕೆ, ಇನ್ನೊಂದು ಸಲ ಉದ್ದಕ್ಕೆ. ಬಳಿಯುವಾಗ ಸುಣ್ಣ ಬರೀ ನೀರಿನಂತೆ ಕಾಣುತ್ತದೆ, ಗೋಡೆ ಬೂದು ಬಣ್ಣಕ್ಕಿರುತ್ತದೆ. ಬಿಳಿ ಮೇಲಕ್ಕೆ ಬರುವುದು ಒಣಗುತ್ತ ಒಣಗುತ್ತ. ವಿಲಾಯಿತಿಯಿಂದ ಆಗಷ್ಟೇ ಬಂದಿಳಿದ ಮೇಮ್‌ಸಾಹೇಬರಿಗೆ ಕೆಲಸದವನು ನೀರು ಬಳಿದು ಮೋಸ ಮಾಡುತ್ತಿದ್ದಾನೆಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ.

ಬಣ್ಣ ಬೇಕೆಂದರೆ ಅದೇ ಸುಣ್ಣಕ್ಕೆ ಕಾವಿ, ಹಳದಿ ಮಣ್ಣು ಅಥವಾ ಮೈಲುತುತ್ತ ಕಲಸಬೇಕು. ಸುಣ್ಣದ ಕ್ಷಾರ ತಡೆಯುವ ಬಣ್ಣಗಳೇ ಕೆಲವು. ಎಷ್ಟು ಬೆರೆಸಿದರೂ ಸುಣ್ಣದ ಬಿಳಿ ಅದನ್ನು ನುಂಗಿ ತಿಳಿಗುಲಾಬಿ, ತಿಳಿಹಳದಿ, ತಿಳಿಹಸಿರು ಮಾಡಿಬಿಡುತ್ತದೆ. ಹಳೆಯ ಬಂಗಲೆಗಳ ಆ ಮಂದ ಬಣ್ಣಗಳನ್ನು ಇಂದಿನ ಹೋಟೆಲುಗಳು ಬ್ರಿಟಿಷ್ ಅಭಿರುಚಿ ಎಂದು ಕೊಂಡಾಡುತ್ತವೆ. ಅದರಲ್ಲಿ ಅಭಿರುಚಿಗಿಂತ ರಸಾಯನಶಾಸ್ತ್ರದ ಪಾಲೇ ಹೆಚ್ಚು. ಸುಣ್ಣಕ್ಕೆ ಇನ್ನೊಂದು ಗುಣವಿತ್ತು: ಅದರ ಕ್ಷಾರದಲ್ಲಿ ಕ್ರಿಮಿಗಳು ಬದುಕುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಮನೆ ತೊಳೆದು ಸುಣ್ಣ ಹೊಡೆಯುವುದು ಸರ್ಕಾರದ ಕ್ರಮಗಳಲ್ಲೇ ಸೇರಿತು.

ಹವೆ, ಗೆದ್ದಲುಗಳ ಮೇಲೆಯೇ ಎಲ್ಲ ತಪ್ಪು ಹೊರಿಸಿದರೆ ಅರ್ಧ ಕಥೆ ಹೇಳಿದಂತೆ. ಇನ್ನರ್ಧ ವರ್ಗಾವಣೆಯದು. ಈಸ್ಟ್ ಇಂಡಿಯಾ ಕಂಪನಿಯ, ಆಮೇಲೆ ರಾಣಿಯ ಸರ್ಕಾರದ ನೌಕರ ಒಂದೇ ಊರಿನಲ್ಲಿ ಬೇರು ಬಿಡುವಂತಿರಲಿಲ್ಲ. ಮನೆ ಬಾಡಿಗೆಯದ್ದು ಇಲ್ಲವೇ ಇಲಾಖೆಯದ್ದು. ವರ್ಗದ ಆದೇಶ ಬಂದೊಡನೆ ಅಂಗಳದಲ್ಲಿ ಹರಾಜು. ಹೋಗುವವನ ಊಟದ ಮೇಜು, ಪಿಯಾನೊ, ಪರದೆಗಳನ್ನು ಬರುವವನು ಕೊಳ್ಳುತ್ತಿದ್ದ. ಹೀಗೆ ಒಂದೇ ಕುರ್ಚಿ ಹತ್ತು ಮನೆ ಕಾಣುತ್ತಿತ್ತು, ಒಂದೇ ಮನೆ ಹತ್ತು ಸಂಸಾರ ಕಾಣುತ್ತಿತ್ತು. ನಾಳೆ ಬಿಟ್ಟುಹೋಗುವ ಗೋಡೆಯ ಮೇಲೆ ಯಾರು ದುಡ್ಡು ಸುರಿಯುತ್ತಾರೆ? ಹಿಂದಿನವನ ಕೊಳೆ ಮರೆಯಾಗುವಷ್ಟು ಸುಣ್ಣ ಬಿದ್ದರೆ ಅದೇ ಹೊಸ ಮನೆ.

ಪಂಜಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಳೆದ ಫ್ಲೋರಾ ಆನಿ ಸ್ಟೀಲ್, ಗ್ರೇಸ್ ಗಾರ್ಡಿನರ್ ಎಂಬ ಗೆಳತಿಯ ಜತೆ ಸೇರಿ ಇಂಡಿಯಾಕ್ಕೆ ಬರುವ ಇಂಗ್ಲಿಷ್ ಗೃಹಿಣಿಯರಿಗಾಗಿ ಒಂದು ಕೈಪಿಡಿ ಬರೆದಳು. ‘ದಿ ಕಂಪ್ಲೀಟ್ ಇಂಡಿಯನ್ ಹೌಸ್‌ಕೀಪರ್ ಅಂಡ್ ಕುಕ್’ ಎಂಬ ಆ ಪುಸ್ತಕ 1888ರಿಂದ ಮುಂದಕ್ಕೆ ಹಲವು ಮುದ್ರಣ ಕಂಡಿತು. ಸಂಸಾರವೊಂದು ಬೇಸಿಗೆಗೆ ಬೆಟ್ಟದೂರಿಗೆ ಹೋಗುವುದಾದರೆ ಯಾವ ಒಂಟೆಯ ಮೇಲೆ ಏನು ಹೇರಬೇಕೆಂದು ಅದರಲ್ಲಿ ಪಟ್ಟಿಯಿದೆ. ಹನ್ನೊಂದು ಒಂಟೆಗಳ ಹೊರೆ ಅದು. ಪಿಯಾನೊ ಮಾತ್ರ ಒಂಟೆಗೆ ಆಗದು, ದಾರಿ ಕಿರಿದಾದರೆ ಕೂಲಿಯಾಳುಗಳೇ ಹೊರಬೇಕು. ಹೀಗೆ ಇವರ ಮನೆಯ ಅಲಂಕಾರವೆಲ್ಲ ಗೋಡೆ ಬಿಟ್ಟು ಸಾಮಾನಿಗೆ ಅಂಟಿಕೊಂಡಿತು. ಮಡಚಬಹುದಾದ ಪರದೆ, ಸುತ್ತಬಹುದಾದ ರತ್ನಗಂಬಳಿ, ಮೊಳೆಯಿಂದ ಇಳಿಸಿ ಪೆಟ್ಟಿಗೆಗೆ ತುಂಬಬಹುದಾದ ಚಿತ್ರಪಟ, ಇವೇ ಮನೆ ಎನಿಸಿಕೊಂಡವು.

ಬೆಂಗಳೂರಿನಲ್ಲೇ ಇದಕ್ಕೊಂದು ಹೆಸರಾಂತ ಉದಾಹರಣೆ ಇದೆ. 1896ರ ಅಕ್ಟೋಬರ್‌ನಲ್ಲಿ ದಂಡು ಪ್ರದೇಶಕ್ಕೆ ಬಂದ ಇಪ್ಪತ್ತೊಂದರ ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ ಇಬ್ಬರು ಜತೆಗಾರ ಅಧಿಕಾರಿಗಳೊಡನೆ ಒಂದು ಬಂಗಲೆ ಹಿಡಿದ. ಗುಲಾಬಿ, ಬಿಳಿ ಬಣ್ಣದ ಗೋಡೆ, ಭಾರವಾದ ಹೆಂಚಿನ ಮಾಡು, ಬಿಳಿ ಗಾರೆಯ ಕಂಬಗಳ ಮೇಲೆ ನಿಂತ ಅಗಲ ಜಗಲಿ, ಕಂಬಕ್ಕೆ ಸುತ್ತಿಕೊಂಡ ನೇರಳೆ ಬೋಗನ್‌ವಿಲ್ಲಾ. ಎಲ್ಲವನ್ನೂ ಆತ 1930ರ ಆತ್ಮಕಥೆಯಲ್ಲಿ ಬಾಯಿ ಚಪ್ಪರಿಸುತ್ತ ನೆನೆದಿದ್ದಾನೆ. ಆದರೆ ಅವುಗಳಲ್ಲಿ ಒಂದೂ ಅವನ ಆಯ್ಕೆಯಲ್ಲ. ಅಂಗಳದ ಸುಮಾರು 150 ಗುಲಾಬಿ ಗಿಡಗಳು ಕೂಡ ಹಿಂದೆ ಇದ್ದವನಿಂದ ಬಂದದ್ದು. ಮೂವರೂ ಕೂಡಿ ಕಟ್ಟಿಸಿದ್ದು ಮಣ್ಣಿನ ಗೋಡೆ, ಹೆಂಚಿನ ಮಾಡಿನ ಒಂದು ಲಾಯ, ಮೂವತ್ತು ಕುದುರೆಗಳಿಗೆ. ದುಡ್ಡು ಹೋದದ್ದು ಪೋಲೊ ಕುದುರೆಗೆ, ಗೋಡೆಗಲ್ಲ.

ಹೆಂಚಿನದೂ ಒಂದು ಕಥೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದರು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ನೇತ್ರಾವತಿ ದಡದ ಜೇಡಿಮಣ್ಣಿನ ಗುಣ ಕಂಡುಕೊಂಡು ಅದನ್ನು ಅಚ್ಚಿಗೆ ಹಾಕಿಸಿದ. ಹಗುರವಾದ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಆ ಹೆಂಚು ಹುಲ್ಲಿನ ಮಾಡಿನ ಬೆಂಕಿಭಯ ತಪ್ಪಿಸಿತು. ಹಲವು ಬಂಗಲೆಗಳಲ್ಲಿ ಇಲಿ ಓಡುವ ಬಟ್ಟೆಯ ಛಾವಣಿಯೂ ಹೋಗಿ ಮರದ ಹಲಗೆ ಬಂತು. ಕಿಟಕಿಯ ಮೇಲೆ ಮೊನಚು ಟೋಪಿಯಂತೆ ಕೂರುವ, ಪಟ್ಟಿ ಜೋಡಿಸಿ ಹೆಣೆದ ಮರದ ‘ಮಂಕಿ ಟಾಪ್’ಗಳು ಬೆಂಗಳೂರು ದಂಡಿನ ಬಂಗಲೆಗಳ ಗುರುತಾದವು. ಎಲಿಜಬೆತ್ ಸ್ಟೇಲಿ 1981ರಲ್ಲಿ ಇವುಗಳ ಮೇಲೆ ಒಂದು ಪುಸ್ತಕವನ್ನೇ ಬರೆದಳು. ಇಂಗ್ಲೆಂಡಿನ ಹಳ್ಳಿಮನೆಯ ನೆನಪಿನಲ್ಲಿ ಬಂದ ಈ ಚಂದ ಬಸವನಗುಡಿ, ಮಲ್ಲೇಶ್ವರಗಳ ವಕೀಲರ, ಮೇಷ್ಟ್ರುಗಳ ಮನೆಯ ಕಿಟಕಿಯ ಮೇಲೂ ಏರಿತು. ಬಿಸಿಲು ತಡೆಯುತ್ತದೆ, ಇಣುಕುವ ಕಣ್ಣು ತಡೆಯುತ್ತದೆ, ನೋಡಲಿಕ್ಕೂ ಲಕ್ಷಣ. ಬೇಡವೆನ್ನಲು ಅವರಿಗೇನೂ ಕಾರಣವಿರಲಿಲ್ಲ.

ಸುಣ್ಣದಿಂದ ತಪ್ಪಿಸಿಕೊಳ್ಳಲು ಕೆಲವರು ಹಿಡಿದ ದಾರಿಗಳು ವಿಚಿತ್ರ. ದಿಲ್ಲಿಯ ಇಂಗ್ಲಿಷ್ ಅಧಿಕಾರಿ ಸರ್ ಥಾಮಸ್ ಮೆಟ್‌ಕಾಫ್ 1840ರ ದಶಕದಲ್ಲಿ ಮೆಹ್ರೌಲಿಯಲ್ಲಿ ಕುಲಿ ಖಾನನ ಗೋರಿ ಕಟ್ಟಡವನ್ನೇ ಬೇಸರ ಕಳೆಯುವ ಮನೆಯಾಗಿ ಮಾರ್ಪಡಿಸಿ ‘ದಿಲ್‌ಖುಷಾ’ ಎಂದು ಹೆಸರಿಟ್ಟ. ಮೊಗಲರ ಗಾರೆ ಕುಸುರಿ ಹೇಗೂ ಗೋಡೆಯ ಮೇಲಿತ್ತು, ಬೇರೆ ಅಲಂಕಾರ ಬೇಕಾಗಲಿಲ್ಲ. ಇದಕ್ಕೆ ತಿರುಗಾಮುರುಗಾ ಆದದ್ದು ಇಂಗ್ಲೆಂಡಿನಲ್ಲಿ. ವಿಕ್ಟೋರಿಯಾ ರಾಣಿಗೆ ತನ್ನ ಆಸ್ಬರ್ನ್ ಅರಮನೆಯಲ್ಲಿ ಒಂದು ಇಂಡಿಯಾದ ಕೋಣೆ ಬೇಕಾಯಿತು. ಲಾಹೋರಿನ ಮೇಯೊ ಕಲಾಶಾಲೆಯ ಮುಖ್ಯಸ್ಥ ಲಾಕ್‌ವುಡ್ ಕಿಪ್ಲಿಂಗ್ ತನ್ನ ಶಿಷ್ಯ ಭಾಯಿ ರಾಮ್ ಸಿಂಗ್ ಅವರನ್ನು ಕಳಿಸಿಕೊಟ್ಟ. ಕಡಲು ದಾಟಿಹೋದ ರಾಮ್ ಸಿಂಗ್ 1890–91ರಲ್ಲಿ ದರ್ಬಾರ್ ಕೋಣೆಯನ್ನು ಅಲಂಕರಿಸಿದರು. ಅಗ್ಗಿಷ್ಟಿಕೆಯ ಮೇಲಿನ ಗಾರೆಯ ನವಿಲೊಂದಕ್ಕೇ 500 ಗಂಟೆಗಳ ಕೆಲಸ ಹಿಡಿಯಿತಂತೆ. ಗೆದ್ದಲಿಲ್ಲದ ಊರಿನಲ್ಲಿ, ವರ್ಗವಾಗದ ಒಡತಿಯ ಮನೆಯಲ್ಲಿ ನಮ್ಮ ಕುಸುರಿಗಾರನ ಕೈ ಏನು ಮಾಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಇಂಡಿಯಾದಲ್ಲಿ ಎಲ್ಲಕ್ಕಿಂತ ದೊಡ್ಡ ಸರ್ಕಾರಿ ವಸತಿಯಲ್ಲೂ ಬಾಡಿಗೆದಾರರ ಬುದ್ಧಿಯೇ ಕೆಲಸ ಮಾಡಿತು. ಎಡ್ವಿನ್ ಲುಟ್ಯೆನ್ಸ್ ಹೆಚ್ಚುಕಡಿಮೆ ಎರಡು ದಶಕ ದುಡಿದು ಕಟ್ಟಿಸಿದ ದಿಲ್ಲಿಯ ವೈಸರಾಯ್ ಭವನ, ಇಂದಿನ ರಾಷ್ಟ್ರಪತಿ ಭವನ, 1929ರ ಕೊನೆಗೆ ವಾಸಕ್ಕೆ ಸಿದ್ಧವಾಯಿತು. 1931ರಲ್ಲಿ ಹೊಸ ವೈಸರಾಯ್ ವಿಲಿಂಗ್ಡನ್ ಮತ್ತು ಆತನ ಹೆಂಡತಿ ಬಂದು ಇಳಿದರು. ಲೇಡಿ ವಿಲಿಂಗ್ಡನ್‌ಗೆ ತಿಳಿನೇರಳೆ ಎಂದರೆ ಪ್ರಾಣ. ವಾಸ್ತುಶಿಲ್ಪಿ ಅಳೆದು ತೂಗಿ ಆರಿಸಿದ ಬಣ್ಣಗಳ ಮೇಲೆ ನೇರಳೆ ಏರಿತು. ನೃತ್ಯಶಾಲೆಯ ಛಾವಣಿ ಆಕೆಗೆ ಬೋಳು ಬೋಳಾಗಿ ಕಂಡಿತು. ಇಟಲಿಯ ಚಿತ್ರಕಾರ ತೊಮ್ಮಾಸೊ ಕೊಲೊನ್ನೆಲ್ಲೊನನ್ನು ಕರೆಸಿ, ಭಾರತೀಯ ಕಲಾವಿದರ ನೆರವಿನಿಂದ ಅದರ ತುಂಬ ಪರ್ಷಿಯದ ಶೈಲಿಯ ಬೇಟೆಯ ದೃಶ್ಯ ಬರೆಸಿದಳು. ಆಮೇಲೆ 2024ರವರೆಗೆ ಅಶೋಕ ಹಾಲ್ ಎನಿಸಿಕೊಂಡಿದ್ದ ಅಲ್ಲಿ ತಲೆಯೆತ್ತಿದರೆ ಕಾಣುವುದು ಅದೇ ಬೇಟೆ.

ಲುಟ್ಯೆನ್ಸ್ ಕೆಂಡವಾದ. ‘ಅಥೆನ್ಸಿನ ಪಾರ್ಥೆನಾನ್ ಕೈಗೆ ಸಿಕ್ಕರೆ ನೀವು ಅದಕ್ಕೂ ಕಿಟಕಿ ಕೂರಿಸುವವರೇ’ ಎಂದು ಆಕೆಗೇ ಹೇಳಿದನಂತೆ. ನನಗೆ ಪಾರ್ಥೆನಾನ್ ಇಷ್ಟವಿಲ್ಲ ಎಂದಳಂತೆ ಆಕೆ. ಜಗಳದಲ್ಲಿ ಗೆದ್ದವರು ಯಾರೆಂದು ಹೇಳಬೇಕಿಲ್ಲ. 1936ರಲ್ಲಿ ವಿಲಿಂಗ್ಡನ್ ದಂಪತಿ ಹೊರಟ ಮೇಲೆ ಬಂದ ಲಿನ್‌ಲಿತ್‌ಗೋ ಸಂಸಾರ ಲುಟ್ಯೆನ್ಸನನ್ನೇ ಮತ್ತೆ ಕರೆಸಿತು. 1938ರಲ್ಲಿ ಆತ ಬಂದು, ತನ್ನ ಮನೆಯನ್ನು ತಾನೇ ರಿಪೇರಿ ಮಾಡುವ ಕೆಲಸಕ್ಕೆ ನಿಂತ. ಬಣ್ಣ ತೆಗೆಯಬಹುದಿತ್ತು, ಛಾವಣಿ ಉಳಿದುಕೊಂಡಿತು. ಅಭಿರುಚಿಯ ಮಾತು ಬಂದಾಗ ಬರೆಯುವವರೆಲ್ಲ ಲುಟ್ಯೆನ್ಸನ ಪಕ್ಷ ವಹಿಸುತ್ತಾರೆ. ಆದರೆ ಐದು ವರ್ಷ ಆ ಗುಹೆಯಂಥ ಕೋಣೆಗಳಲ್ಲಿ ಮಲಗಿ ಏಳಬೇಕಾದವಳು ಲೇಡಿ ವಿಲಿಂಗ್ಡನ್ ಎಂಬುದನ್ನೂ ನೆನೆಯಬೇಕು.

ಅಷ್ಟರಲ್ಲಿ ಸುಣ್ಣದ ಕಾಲವೇ ಸಡಿಲವಾಗತೊಡಗಿತ್ತು. 1902ರಲ್ಲಿ ಕಲ್ಕತ್ತದ ಪಕ್ಕದ ಹೌರಾದಲ್ಲಿ ಇಬ್ಬರು ಇಂಗ್ಲಿಷರು ಶಾಲಿಮಾರ್ ಪೇಂಟ್ಸ್ ಆರಂಭಿಸಿದ್ದರು. ಸೇತುವೆ, ಹಡಗು, ರೈಲುಗಳ ಜತೆ ಬಂಗಲೆಯ ಬಾಗಿಲು ಕಿಟಕಿಗೂ ಬೇಕಾದ ಎಣ್ಣೆ ಬಣ್ಣ ಇಲ್ಲೇ ತಯಾರಾಗುವಂತಾಯಿತು. ಪುಡಿಯನ್ನು ನೀರಿನಲ್ಲಿ ಕಲಸಿ ಬಳಿಯುವ ಡಿಸ್ಟೆಂಪರ್ ಮೊದಲು ಸಾಹೇಬರ ನಡುಮನೆಗೆ, ಆಮೇಲೆ ಪೇಟೆಯ ಅನುಕೂಲಸ್ಥರ ನಡುಮನೆಗೆ ಬಂತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಸ್ಥಾಪಿಸಿದರು. ಸಂಸ್ಥಾನದ ಕಾಡಿನ ಅರಗು ಅದರ ಮೂಲಧನ. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಬೀಳುತ್ತಿರುವ ಅಳಿಸದ ಶಾಯಿ ಇದೇ ಕಾರ್ಖಾನೆಯದು. ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ್ದು ಹೆಚ್ಚಿನವರಿಗೆ ಈಗ ನೆನಪಿಲ್ಲ.

ಎರಡನೆಯ ಮಹಾಯುದ್ಧ ವಿಲಾಯಿತಿ ಬಣ್ಣದ ಆಮದನ್ನೇ ನಿಲ್ಲಿಸಿತು. ಆ ತೆರವಿನಲ್ಲಿ, 1942ರಲ್ಲಿ, ಮುಂಬಯಿಯ ನಾಲ್ವರು ಗೆಳೆಯರು ಒಂದು ಗ್ಯಾರೇಜಿನಲ್ಲಿ ಏಷ್ಯನ್ ಪೇಂಟ್ಸ್ ಶುರು ಮಾಡಿದರು. ಐದು ವರ್ಷದಲ್ಲಿ ಇಂಗ್ಲಿಷರ ಕಟ್ಟಕಡೆಯ ಹರಾಜುಗಳು ನಡೆದು, ಬೆಂಗಳೂರು ದಂಡಿನ ಬಂಗಲೆಗಳು ಒಂದೊಂದಾಗಿ ಕೈ ಬದಲಿಸಿದವು. ಈಗ ಗೋಡೆಯೂ ಸ್ವಂತ, ಊರೂ ಸ್ವಂತ, ಬಣ್ಣ ಆರಿಸುವವರೂ ಬೇರೆ. ಅವರನ್ನು ಸೆಳೆಯಲು ಏಷ್ಯನ್ ಪೇಂಟ್ಸ್ 1954ರಲ್ಲಿ ಒಬ್ಬ ತುಂಟ ಹುಡುಗನನ್ನು ತಂದಿತು. ಹಣೆಯ ಮೇಲೆ ಇಳಿಬಿದ್ದ ಕೂದಲು, ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಬಣ್ಣ ಸೋರುವ ಬ್ರಷ್. ಅವನಿಗೆ ಗಟ್ಟು ಎಂದು ಹೆಸರಾಯಿತು. ಬರೆದವರು ಮೈಸೂರಿನ ಆರ್.ಕೆ. ಲಕ್ಷ್ಮಣ್.